ಹರ್ನಿಯಾ ಆಪರೇಷನ್ ನಂತರ ಬಿಡದ ತೊಡೆಸಂದು ನೋವು: ನರ್ವ್ ಬ್ಲಾಕ್ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ: ಮೆಶ್ (ಹರ್ನಿಯಾ ಜಾಗಕ್ಕೆ ಬಲ ಕೊಡುವ ಬಲೆ) ಹಾಕಿ 8 ತಿಂಗಳಾಯಿತು. ಕೂತು ಎದ್ದರೆ ಹೊಲಿಗೆ ಜಾಗದಿಂದ ವೃಷಣದವರೆಗೆ ಉರಿ, ಶಾಕ್ ಹೊಡೆದಂತೆ ನೋವು. ನರ್ವ್ ಬ್ಲಾಕ್, ಅಂದರೆ ನರದ ಹತ್ತಿರ ಮರಗಟ್ಟಿಸುವ ಮದ್ದು ಚುಚ್ಚುವುದು, ಮಾಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಒಂದೇ ಇಂಜೆಕ್ಷನ್‌ಗೆ ವಾಸಿಯಾಗುತ್ತಾ?

ಉತ್ತರ 1: ಮೊದಲ ಬ್ಲಾಕ್ ಅನ್ನು ಚಿಕಿತ್ಸೆಗಿಂತ ಹೆಚ್ಚಾಗಿ ಪರೀಕ್ಷೆ ಎಂದುಕೊಳ್ಳಿ. ಈ ಜಾಗಕ್ಕೆ ಮುಖ್ಯವಾಗಿ ಮೂರು ನರಗಳು: ಇಲಿಯೋಇಂಗ್ವೈನಲ್, ಇಲಿಯೋಹೈಪೋಗ್ಯಾಸ್ಟ್ರಿಕ್, ಜೆನಿಟೋಫೆಮೊರಲ್. ಮೊದಲೆರಡಕ್ಕೆ ಸೊಂಟದ ಮೂಳೆಯ ಮುಂತುದಿಯ ಹತ್ತಿರ, ಹೊಟ್ಟೆಯ ಒಳಗಿನ ಎರಡು ಸ್ನಾಯುಪದರಗಳ ನಡುವೆ ಸೂಜಿ ಹೋಗುತ್ತದೆ. ನೋವು ವೃಷಣಕ್ಕೆ ಇಳಿಯುತ್ತಿದ್ದರೆ ಮೂರನೆಯದರ ಮೇಲೂ ಅನುಮಾನ ಬರಬೇಕು, ಅದಕ್ಕೆ ಬೇರೆ ಕಡೆ ಚುಚ್ಚಬೇಕಾಗುತ್ತದೆ. "ಯಾವ ನರಕ್ಕೆ, ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡುತ್ತೀರಾ?" ಎಂದು ಕೇಳಿ. ಪರೀಕ್ಷೆಗೆ ಕೆಲವೇ ಮಿಲಿಲೀಟರ್ ಮದ್ದು ಸಾಕು. ಹೆಚ್ಚು ಹಾಕಿದರೆ ಪಕ್ಕದ ನರಗಳಿಗೂ ಹರಡಿ, ಯಾವುದರಿಂದ ನೋವು ಇಳಿಯಿತೆಂದೇ ತಿಳಿಯುವುದಿಲ್ಲ.

ಉತ್ತರ 2: ಬಹಳ ಜನ ಎಡವುವುದು ಫಲಿತಾಂಶ ಓದುವಲ್ಲಿ. ಚುಚ್ಚುವ ಮೊದಲು, ಅರ್ಧ ಗಂಟೆಯ ನಂತರ, ಆಮೇಲೆ ಗಂಟೆಗೊಮ್ಮೆ ನೋವಿಗೆ 0ರಿಂದ 10ರೊಳಗೆ ಅಂಕ ಬರೆದಿಡಿ. ಸುಮ್ಮನೆ ಮಲಗಿದ್ದರೆ ಏನೂ ಗೊತ್ತಾಗದು, ನೋವು ತರುವ ಚಲನೆಯನ್ನೇ ಮಾಡಿ ನೋಡಿ. ಚರ್ಮ ಜೋಮು ಹಿಡಿಯಿತೇ ಎಂಬುದನ್ನೂ ಬೇರೆಯಾಗಿ ಬರೆಯಿರಿ. ಜೋಮು ಬಂದು ನೋವೂ ಇಳಿದರೆ ಆ ನರದ ಪಾತ್ರವಿದೆ. ಜೋಮು ಬಂದೂ ನೋವು ಹಾಗೇ ಇದ್ದರೆ ಮೂಲ ಬೇರೆ: ಇನ್ನೊಂದು ನರ, ಮುದುಡಿದ ಮೆಶ್, ಮರುಕಳಿಸಿದ ಹರ್ನಿಯಾ, ಸೊಂಟದ ಕೀಲು. ಜೋಮೇ ಬರದಿದ್ದರೆ ಮದ್ದು ಗುರಿ ತಲುಪಿಲ್ಲ, ಅದನ್ನು "ಬ್ಲಾಕ್ ಕೆಲಸ ಮಾಡಲಿಲ್ಲ" ಎಂದು ಲೆಕ್ಕ ಹಿಡಿಯಬೇಡಿ. ಮರಗಟ್ಟಿಸುವ ಮದ್ದುಗಳಲ್ಲಿ ಲಿಡೋಕೇನ್‌ನ ಪ್ರಭಾವ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ, ಬುಪಿವಕೇನ್‌ನದು ಹಲವು ಗಂಟೆ ಇರುತ್ತದೆ. ಯಾವುದು ಕೊಟ್ಟರೆಂದು ಕೇಳಿಕೊಳ್ಳಿ.

ಉತ್ತರ 3: ಸುರಕ್ಷತೆಯ ಮಾತು. ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಸಕ್ಕರೆ ಕಾಯಿಲೆ ಮೊದಲೇ ಹೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸ್ಟೀರಾಯ್ಡ್ ಬೆರೆಸಿದ್ದರೆ ಕೆಲ ದಿನ ಸಕ್ಕರೆ ಏರಬಹುದು. ಮದ್ದು ಪಕ್ಕದ ಫೆಮೊರಲ್ ನರಕ್ಕೆ (ತೊಡೆಯ ಮುಂಭಾಗದ ಸ್ನಾಯುಗಳನ್ನು ನಡೆಸುವ ನರ) ಹರಡಿದರೆ ಕೆಲ ಗಂಟೆ ಮಂಡಿ ನಿಲ್ಲದೆ ಕುಸಿಯುತ್ತದೆ. ಹಾಗಾಗಿ ಜೊತೆಗೊಬ್ಬರಿರಲಿ, ಅಂದು ಗಾಡಿ ಓಡಿಸಬೇಡಿ. ಚುಚ್ಚಿದ ಕೂಡಲೇ ಬಾಯಿ ಸುತ್ತ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ನಾಲಿಗೆಗೆ ಲೋಹದ ರುಚಿ ಬಂದರೆ ಸಂಕೋಚಪಡದೆ ತಕ್ಷಣ ಹೇಳಿ. ಅದು ಮದ್ದು ರಕ್ತಕ್ಕೆ ಸೇರಿದ್ದರ ಲಕ್ಷಣ.

ಉತ್ತರ 1 ಬರೆದವರೇ ಮತ್ತೆ: ಮುಂದಿನ ಹೆಜ್ಜೆ ಬಗ್ಗೆ. ಪ್ರತಿ ಸಲವೂ ಆರಾಮ ಸಿಕ್ಕಿ ಬೇಗ ಮಾಯವಾದರೆ ಅದೇ ನರಕ್ಕೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ (ಸೂಜಿಯ ಮೂಲಕ ಬಿಟ್ಟು ಬಿಟ್ಟು ವಿದ್ಯುತ್ ತರಂಗ ಕೊಡುವ ಚಿಕಿತ್ಸೆ) ಕೇಳಬಹುದು. ಅದರಲ್ಲಿ ಸೂಜಿಯ ತುದಿಯ ಬಿಸಿ ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುತ್ತಾರೆ, ನರವನ್ನು ಸುಡುವುದಿಲ್ಲ. ನರ ಕತ್ತರಿಸುವ ಆಪರೇಷನ್‌ಗೆ ಅವಸರ ಬೇಡ: ಜೋಮು ಶಾಶ್ವತವಾಗಿ ಉಳಿಯುತ್ತದೆ, ಬ್ಲಾಕ್‌ನಲ್ಲಿ ನೋವು ಇಳಿದವರಿಗೆಲ್ಲ ಅದು ಫಲಿಸುತ್ತದೆಂಬ ಖಾತ್ರಿಯೂ ಇಲ್ಲ. ಅದಕ್ಕೆ ಒಪ್ಪುವ ಮುನ್ನ ಹರ್ನಿಯಾ ಮರುಕಳಿಸಿಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಗಲಿ.