ಅಪ್‌ಡೇಟ್: ಕೊಚ್ಚಿಯಿಂದ ಮಾಲ್ಡೀವ್ಸ್‌ನ ಮಾಲೆಗೆ ಮುಟ್ಟಿದ್ವಿ, ಡೀಸೆಲ್ಲೂ ಉಳೀತು

ಗೆಳೆಯನ ಮೋಟಾರ್ ಯಾಟ್‌ನಲ್ಲಿ ಕೊಚ್ಚಿಯಿಂದ ಮಾಲೆಗೆ, ಸುಮಾರು 400 ನಾಟಿಕಲ್ ಮೈಲಿ (740 ಕಿ.ಮೀ.), 1,600 ಲೀಟರ್ ಟ್ಯಾಂಕ್ ಸಾಕಾ ಅಂತ ಕೇಳಿದ್ದೆನಲ್ಲ, ಹೋಗಿ ಮಂಡ್ಯಕ್ಕೆ ವಾಪಸ್ ಬಂದಾಯ್ತು.

"ನಿಧಾನ ಹೋಗಿ" ಅಂದವರ ಮಾತೇ ನಿಜ. 9 ನಾಟ್‌ ವೇಗದಲ್ಲಿ (ಅಂದ್ರೆ ಗಂಟೆಗೆ 9 ನಾಟಿಕಲ್ ಮೈಲಿ) ಗಂಟೆಗೆ 30 ಲೀಟರ್ ಕುಡೀತಿದ್ದ ಇಂಜಿನ್, 7 ನಾಟ್‌ಗೆ ಇಳಿಸಿದ ಮೇಲೆ 14ಕ್ಕೆ ಬಂತು. ದಾರಿ ಪೂರ್ತಿ 9ರಲ್ಲೇ ಹೋಗಿದ್ರೆ 1,330 ಲೀಟರ್ ಖರ್ಚಾಗ್ತಿತ್ತು. 7ರಲ್ಲಿ 800 ಸಾಕಾಯ್ತು. ಹೆಚ್ಚಿಗೆ ಹಿಡಿದದ್ದು ಅರ್ಧ ದಿನ, ಅಷ್ಟೇ.

ಗೇಜ್ ಮಾತ್ರ ನಂಬಬೇಡಿ. ದೋಣಿ ಹೊಯ್ದಾಡಿದ ಹಾಗೆಲ್ಲ ಮುಳ್ಳೂ ಕುಣೀತದೆ. ಗದ್ದೆಯ ಪಂಪ್‌ಸೆಟ್ಟಿಗೆ ಅಪ್ಪ ಕಡ್ಡಿ ಅದ್ದಿ ನೋಡ್ತಿದ್ರಲ್ಲ, ನಾನೂ ಅದೇ ಮಾಡಿದೆ. ನಾಲ್ಕು ಗಂಟೆಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದೆ.

ಎರಡನೇ ರಾತ್ರಿ ಇಂಜಿನ್ ಕೆಮ್ಮೋಕೆ ಶುರು ಮಾಡ್ತು. ಜೀವ ಬಾಯಿಗೆ ಬಂತು! ಅಲೆಗೆ ಟ್ಯಾಂಕಿನ ತಳದ ಗಷ್ಟೆಲ್ಲ ಕದಡಿ ಎದ್ದು ಫಿಲ್ಟರ್ ಕಟ್ಟಿತ್ತು, ಫಿಲ್ಟರಿನ ಬಟ್ಟಲಲ್ಲಿ ರಾಗಿ ಅಂಬಲಿಯಂಥ ಕಪ್ಪು ಕೆಸರು. ಟಾರ್ಚ್ ಬಾಯಲ್ಲಿ ಕಚ್ಕೊಂಡು ಫಿಲ್ಟರ್ ಬದಲಾಯಿಸಿ, ಡೀಸೆಲ್ ಪೈಪಲ್ಲಿ ಸೇರಿದ ಗಾಳಿ ತೆಗೆದು ಸ್ಟಾರ್ಟ್ ಮಾಡೋಕೆ ನಲವತ್ತು ನಿಮಿಷ. ನಾಲ್ಕು ಫಿಲ್ಟರ್ ಇಟ್ಕೊಳ್ಳಿ ಅಂದಿದ್ದ ಅಣ್ಣಂಗೆ ದೊಡ್ಡ ನಮಸ್ಕಾರ; ಮೂರು ಖರ್ಚಾದ್ವು.