ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದವರಿಗೆ ಪರಿಹಾರ ಕೊಡಬೇಕಾದವರು ಮೇಸ್ತ್ರಿಯೋ, ಕಂಟ್ರಾಕ್ಟರೋ?

ಪ್ರಶ್ನೆ (ಕಡೂರು):
ನಮಸ್ಕಾರ ಸರ್. ನಮ್ಮಣ್ಣ ಸೆಂಟ್ರಿಂಗ್ ಕೆಲಸ ಮಾಡ್ತಾನೆ, 40 ವರ್ಷ, ದಿನಕ್ಕೆ 900 ರೂಪಾಯಿ ಕೂಲಿ. 2025ರ ಆಗಸ್ಟ್‌ನಲ್ಲಿ ಹಾಸನದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಒಂದರ ಎರಡನೇ ಮೋಲ್ಡ್‌ಗೆ ಹಲಗೆ ಹೊಡೆಯುವಾಗ ಸಾರುವೆ ಜಾರಿ ಬಿದ್ದ. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಗಿ ಪ್ಲೇಟ್ ಹಾಕಿದ್ದಾರೆ. ಕಂಟ್ರಾಕ್ಟರ್ ಕೇಳಿದರೆ "ಅವನು ಮೇಸ್ತ್ರಿ ಆಳು, ನನಗೆ ಸಂಬಂಧ ಇಲ್ಲ" ಅಂತಾರೆ. ಮೇಸ್ತ್ರಿ ಆಸ್ಪತ್ರೆಗೆ 40 ಸಾವಿರ ಕಟ್ಟಿದ್ದಾರೆ. ಈಗ ಒಂದು ಲಕ್ಷ ಕೊಡ್ತೀವಿ, ಮುಂದೆ ಏನೂ ಕೇಳಲ್ಲ ಅಂತ ಬಾಂಡ್ ಪೇಪರ್‌ಗೆ ಸಹಿ ಹಾಕಿ ಅಂತಿದ್ದಾರೆ. ಬೆಲ್ಟ್ ಹಾಕಿರಲಿಲ್ಲ, ತಪ್ಪು ನಿಮ್ಮದೇ ಅಂತಲೂ ಮಾತು. ಏನು ಮಾಡೋದು?

ಉತ್ತರ (ಕಾರ್ಮಿಕ ಪ್ರಕರಣಗಳ ವಕೀಲರು, ಹಾಸನ):
ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೂ ಹಕ್ಕು ಹೋಗುವುದಿಲ್ಲ. ಹಳೆಯ ಪರಿಹಾರ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ರಂದು. ನಿಮ್ಮಣ್ಣ ಬಿದ್ದದ್ದು ಅದಕ್ಕೆ ಮೊದಲು, ಆದ್ದರಿಂದ 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕವೇ ನಡೆಯುತ್ತದೆ. ಪರಿಹಾರ ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡ ಕರಾರು ಆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ರಾಜಿ ಆಗುವುದಾದರೆ ಅದನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನ್ನಿಸಿದರೆ ಅವರು ನಿರಾಕರಿಸಬಹುದು. ನೋಂದಣಿಗೆ ಕಳಿಸದೆ ಕೈಗೆ ಕೊಟ್ಟರೆ ಮಾಲೀಕ ಪೂರ್ತಿ ಪರಿಹಾರಕ್ಕೆ ಹೊಣೆಯಾಗಿಯೇ ಉಳಿಯುತ್ತಾನೆ, ಆಯುಕ್ತರು ಬೇರೆ ಆದೇಶ ಮಾಡದ ಹೊರತು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ.

ಕಂಟ್ರಾಕ್ಟರ್ ಮಾತು 12ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಕಟ್ಟಡ ಕಟ್ಟುವುದೇ ಅವರ ವ್ಯವಹಾರ, ಅದರೊಳಗಿನ ಸೆಂಟ್ರಿಂಗನ್ನು ಮೇಸ್ತ್ರಿಗೆ ತುಂಡು ಗುತ್ತಿಗೆ ಕೊಟ್ಟಿದ್ದಾರೆ. ಹಾಗಾದಾಗ ಮೇಸ್ತ್ರಿ ಆಳಿಗೂ ಅವರೇ ಹೊಣೆ. ಕೊಟ್ಟ ಹಣವನ್ನು ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳುವುದು ಅವರಿಬ್ಬರ ವಿಚಾರ. ಅರ್ಜಿಯಲ್ಲಿ ಇಬ್ಬರನ್ನೂ, ಪಾಲಿಸಿ ಇದ್ದರೆ ವಿಮಾ ಕಂಪನಿಯನ್ನೂ ಎದುರುದಾರರಾಗಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ವರ್ಷ ಕಳೆಯುತ್ತಾರೆ.

ಬೆಲ್ಟ್ ವಿಚಾರ: ಇಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡುವ ಅಗತ್ಯವಿಲ್ಲ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಪೆಟ್ಟಾಯಿತೆಂದರೆ ಸಾಕು. ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದರು ಎಂದು ಮಾಲೀಕನೇ ತೋರಿಸಬೇಕು. ಸೈಟ್‌ನಲ್ಲಿ ಬೆಲ್ಟೇ ಕೊಡದವರು ಅದನ್ನು ಹೇಗೆ ತೋರಿಸುತ್ತಾರೆ?

ಈಗ ಲೆಕ್ಕ. 900ರಂತೆ 26 ದಿನಕ್ಕೆ 23,400. ಆದರೆ ಈ ಕಾಯ್ದೆಗೆ 2020ರ ಜನವರಿಯಿಂದ ತಿಂಗಳ ಕೂಲಿಯ ಮಿತಿ 15,000. ಅದರ ಶೇ. 60 ಅಂದರೆ 9,000. 40 ವರ್ಷಕ್ಕೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 184.17. ಗುಣಿಸಿದರೆ 16,57,530. ಇದು ಪೂರ್ಣ ಅಂಗವೈಕಲ್ಯದ ಮೊತ್ತ. ದುಡಿಮೆಯ ಶಕ್ತಿ ಶೇ. 30 ಹೋಗಿದೆ ಎಂದು ತೀರ್ಮಾನವಾದರೆ 4,97,259. ಅಪಘಾತವಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಸರಳ ಬಡ್ಡಿ, ಅಂದರೆ ಈ ಮೊತ್ತಕ್ಕೆ ವರ್ಷಕ್ಕೆ ಸುಮಾರು 59,670. ಸಕಾರಣವಿಲ್ಲದೆ ಎಳೆದಾಡಿದರೆ ಶೇ. 50ರವರೆಗೆ ದಂಡ, ಆ ದಂಡ ವಿಮಾ ಕಂಪನಿಯ ಮೇಲೆ ಬೀಳುವುದಿಲ್ಲ, ಮಾಲೀಕನೇ ಕಟ್ಟಬೇಕು. ಆಸ್ಪತ್ರೆಯ ನಿಜವಾದ ಖರ್ಚು ಬೇರೆ. ಮೇಸ್ತ್ರಿ ಚಿಕಿತ್ಸೆಗೆಂದು ಕಟ್ಟಿದ 40 ಸಾವಿರವನ್ನು ಪರಿಹಾರದಲ್ಲಿ ಕಳೆಯುವ ಹಾಗಿಲ್ಲ.

ಆ ಶೇಕಡಾ ಎಷ್ಟು ಎನ್ನುವುದರಲ್ಲೇ ಕೇಸಿನ ಜೀವ ಇದೆ. ಹೆಬ್ಬೆರಳು ಹೋದರೆ 30, ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ 40 ಎಂದು ಕಾಯ್ದೆಯ ಪಟ್ಟಿಯಲ್ಲೇ ಇದೆ. ಹಿಮ್ಮಡಿ ಮುರಿತ ಪಟ್ಟಿಯಲ್ಲಿಲ್ಲ, ವೈದ್ಯರು ಅಳೆದು ಹೇಳಬೇಕು. ಕಾಲಿನ ಊನ ಎಷ್ಟು, ಇಡೀ ದೇಹಕ್ಕೆ ಎಷ್ಟು, ದುಡಿಮೆಗೆ ಎಷ್ಟು, ಇವು ಮೂರೂ ಬೇರೆ ಬೇರೆ. ವಿಮೆಯವರು ಯಾವಾಗಲೂ ಇಡೀ ದೇಹದ ಚಿಕ್ಕ ಅಂಕಿಯನ್ನೇ ಹಿಡಿಯುತ್ತಾರೆ. ನಿಮ್ಮಣ್ಣ ಏಣಿ ಹತ್ತಬಲ್ಲರೇ, ಕುಕ್ಕರುಗಾಲಲ್ಲಿ ಕೂತು ಮೊಳೆ ಹೊಡೆಯಬಲ್ಲರೇ, ಹಲಗೆ ಹೊತ್ತು ಇಳಿಜಾರಲ್ಲಿ ನಡೆಯಬಲ್ಲರೇ ಎಂದು ವೈದ್ಯರು ಬರೆಯಲಿ. ಮೊಣಕೈ ಮೇಲಕ್ಕೆ ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆ ಪೂರ್ತಿ ಹೋದಂತೆಯೇ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿ ನುಡಿಯಲು ಬರುತ್ತಾರಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮೂಳೆ ಕೂಡುವ ಮೊದಲೇ ಅಳೆಸಬೇಡಿ.

ಮರುಪ್ರಶ್ನೆ (ಕಡೂರು):
ಸರ್, ಆಸ್ಪತ್ರೆಗೆ ಸೇರಿಸುವಾಗ ಮೇಸ್ತ್ರಿ "ಮನೆ ಮೆಟ್ಟಿಲಿಂದ ಬಿದ್ದ" ಅಂತ ಬರೆಸಿದ್ದಾರೆ. ಪೊಲೀಸ್ ಕೇಸೂ ಆಗಿಲ್ಲ.

ಉತ್ತರ (ವಕೀಲರು):
ಹೆಚ್ಚು ಕೇಸು ಕೆಡುವುದು ಇದೇ ಒಂದು ಸಾಲಿನಿಂದ. ದಾಖಲೆ ತಿದ್ದಿಸಲು ಹೋಗಬೇಡಿ, ಅದು ಇನ್ನೂ ಕೆಟ್ಟದ್ದು. ಬರೆಸಿದವರು ಯಾರು ಎಂಬುದು ಕೇಸ್ ಶೀಟ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಡಿಸ್ಚಾರ್ಜ್ ಹಾಳೆಗೆ ನಿಲ್ಲದೆ ಪೂರ್ತಿ ಕೇಸ್ ಶೀಟ್‌ನ ದೃಢೀಕೃತ ನಕಲು ತೆಗೆಸಿ. ಕರೆತಂದವರ ಕಡೆ ಮೇಸ್ತ್ರಿಯ ಹೆಸರಿದ್ದರೆ, ಮನೆಯಲ್ಲಿ ಬಿದ್ದವನನ್ನು ಮೇಸ್ತ್ರಿ ಯಾಕೆ ಕರೆತಂದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. 108ರಲ್ಲಿ ಬಂದಿದ್ದರೆ ಎಲ್ಲಿಂದ ಎತ್ತಿಕೊಂಡರು ಎಂಬ ದಾಖಲೆ ಕೇಳಿ. ಬಿದ್ದ ಜಾಗದ ಠಾಣೆಗೆ, ತಡವಾದ ಕಾರಣ ಬರೆದು, ಈಗಲಾದರೂ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಜೊತೆಗೆ ಕೆಲಸ ಮಾಡಿದ ಇಬ್ಬರ ಹೇಳಿಕೆ, ಶನಿವಾರದ ಬಟವಾಡೆ ಪುಸ್ತಕದ ಫೋಟೋ, ಮೇಸ್ತ್ರಿ ಫೋನ್‌ಪೇ ಮಾಡಿದ ಕೂಲಿಯ ವಿವರ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಇಂದೇ ತೆಗೆಸಿ, ಮೊಬೈಲ್ ಹಾಳಾದರೆ ಸಾಕ್ಷಿಯೂ ಹೋಯಿತು.

ಅರ್ಜಿಗೆ ಎರಡು ವರ್ಷ ಗಡುವು, ಅಂದರೆ 2027ರ ಆಗಸ್ಟ್ ಒಳಗೆ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ವಿಚಾರಿಸುತ್ತಾರೆ. ಹಾಸನಕ್ಕೇ ಅಲೆಯಬೇಕಿಲ್ಲ, ಗಾಯಗೊಂಡವರು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಕಾಲು ಊರಲಾಗದವರಿಗೆ ಇದು ದೊಡ್ಡ ಅನುಕೂಲ.

ಪ್ರಶ್ನೆ (ಹೊಳೆನರಸೀಪುರ):
ನಾವು ಸ್ವಂತ ಮನೆ ಕಟ್ಟಿಸುತ್ತಿದ್ದೇವೆ, ಲೇಬರ್ ಕಂಟ್ರಾಕ್ಟ್ ಮೇಸ್ತ್ರಿಗೆ. ಆಳು ಬಿದ್ದರೆ ನಮ್ಮ ತಲೆಗೆ ಬರುತ್ತಾ?

ಉತ್ತರ (ವಿಮಾ ಸಲಹೆಗಾರರು, ಚಿಕ್ಕಮಗಳೂರು):
ವಾಸಕ್ಕೆ ಮನೆ ಕಟ್ಟಿಸುವುದು ನಿಮ್ಮ ವ್ಯಾಪಾರವಲ್ಲ, ಹಾಗಾಗಿ ಮೇಲೆ ಹೇಳಿದ ಕಂಟ್ರಾಕ್ಟರ್ ಹೊಣೆಯ ನಿಯಮ ನಿಮಗೆ ನೇರವಾಗಿ ಹೊಂದುವುದಿಲ್ಲ. ಆದರೆ ಆಳುಗಳನ್ನು ನೀವೇ ಕರೆದು, ಕೂಲಿಯನ್ನು ನೀವೇ ಕೊಡುತ್ತಿದ್ದರೆ ನೀವೇ ಮಾಲೀಕರು ಎನ್ನುವ ವಾದಕ್ಕೆ ಬಲ ಬರುತ್ತದೆ. ಏನೇ ಆಗಲಿ, ಬಡವರ ಮನೆಯ ದುಡಿಯುವ ಕೈ ಬಿದ್ದಾಗ ಹಣಕ್ಕೆ ದಾರಿ ಇರಲೇಬೇಕು. ಪಾಯ ತೆಗೆಯುವ ಮೊದಲೇ ವರ್ಕ್‌ಮೆನ್ ಕಾಂಪೆನ್ಸೇಷನ್ ಪಾಲಿಸಿ ಮಾಡಿಸಿ. ಗುತ್ತಿಗೆದಾರರ ಆಳುಗಳೂ ಸೇರಿದ್ದಾರೆಂದು ಪಾಲಿಸಿಯಲ್ಲೇ ಬರೆದಿರಬೇಕು. ಬರೆಯದಿದ್ದರೆ ಕ್ಲೇಮು ಅಲ್ಲೇ ನಿಲ್ಲುತ್ತದೆ. ಮೋಲ್ಡ್ ದಿನ ಇಪ್ಪತ್ತು ಜನ ಬರುವಾಗ ಐದು ಜನರ ಲೆಕ್ಕ ಕೊಡಬೇಡಿ, ಕೂಲಿಯನ್ನೂ ಇಳಿಸಿ ತೋರಿಸಬೇಡಿ. ಆಸ್ಪತ್ರೆ ಖರ್ಚಿಗೆ ಬೇರೆ ಸೇರ್ಪಡೆ ಬೇಕು, ಅದಕ್ಕೆ ಪ್ರೀಮಿಯಂ ಹೆಚ್ಚು.

ಪ್ರಶ್ನೆ (ಅರಸೀಕೆರೆ):
ಲೇಬರ್ ಕಾರ್ಡ್ ಇದ್ದವರಿಗೆ ಮಂಡಳಿ ದುಡ್ಡು ಬರುತ್ತಲ್ಲ, ಮತ್ತೆ ಕೇಸ್ ಯಾಕೆ?

ಉತ್ತರ (ವಕೀಲರು):
ಎರಡೂ ಬೇರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಅಪಘಾತ ಸಹಾಯ, ಕಟ್ಟಡ ಕಟ್ಟಿಸುವವರಿಂದ ವಸೂಲಾಗುವ ಸೆಸ್ ಹಣದಿಂದ ಬರುತ್ತದೆ, ಅದು ಬಂತೆಂದು ಕಂಟ್ರಾಕ್ಟರ್ ಹೊಣೆ ಕರಗುವುದಿಲ್ಲ. ಕಾರ್ಡ್ ಮಾಡಿಸಲು 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನದ ಕೆಲಸ ಬೇಕು. ನವೀಕರಿಸಿದ ತಾರೀಕು ಇಂದೇ ನೋಡಿಕೊಳ್ಳಿ, ಅವಧಿ ಮುಗಿದ ಕಾರ್ಡ್ ಅಪಘಾತದ ದಿನ ಕೈ ಹಿಡಿಯುವುದಿಲ್ಲ.