ಅಪ್‌ಡೇಟ್: ರೆಕಾರ್ಡರ್‌ನಲ್ಲಿ ಮಾಡಿದ ಡಿವಿಡಿ ಬೇರೆಡೆ ಓಡದ ಸಮಸ್ಯೆ ಬಗೆಹರಿಯಿತು
ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿದ್ದ ಮನೆಯ ಮದುವೆ ಹಾಗೂ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ದೃಶ್ಯಗಳನ್ನು ಡಿವಿಡಿ ರೆಕಾರ್ಡರ್ ಮೂಲಕ ಡಿವಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ) ಡಿಸ್ಕ್‌ಗಳಿಗೆ ಇಳಿಸಿಕೊಂಡಿದ್ದೇನೆ, ಅವು ರೆಕಾರ್ಡರ್‌ನಲ್ಲಿ ಸರಿಯಾಗಿ ಓಡಿದರೂ ಬೀದರಿನಲ್ಲಿರುವ ಅಕ್ಕನ ಪ್ಲೇಯರ್‌ನಲ್ಲಿಯೂ ಕಂಪ್ಯೂಟರಿನಲ್ಲಿಯೂ ಖಾಲಿ ಎಂದೇ ತೋರುತ್ತವೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಲೆನ್ಸ್ ಶುಚಿಗೊಳಿಸಿದ್ದರಿಂದಲೂ ಬೇರೆ ಕಂಪನಿಯ ಡಿಸ್ಕ್ ಬಳಸಿದ್ದರಿಂದಲೂ ಏನೂ ಬದಲಾಗಲಿಲ್ಲ. ಫಲ ಕೊಟ್ಟದ್ದು, ಸೆಟಪ್ ಮೆನುವಿನಲ್ಲಿ 'ಫೈನಲೈಸ್' ಮಾಡಿ ಎಂದು ಸಹೋದರರೊಬ್ಬರು ನೀಡಿದ ಸಲಹೆ. ದೃಶ್ಯಗಳು ಡಿಸ್ಕಿನಲ್ಲಿದ್ದರೂ, ಅವು ಎಲ್ಲಿವೆ ಎಂದು ಇತರ ಪ್ಲೇಯರ್‌ಗಳಿಗೆ ತಿಳಿಸುವ ಸೂಚಿಯನ್ನು ಈ ಹಂತವೇ ಬರೆದು ಮುಗಿಸುತ್ತದೆ. ಆ ಬಳಿಕ ಅದೇ ಡಿಸ್ಕ್ ಅಕ್ಕನ ಮನೆಯಲ್ಲಿ ತಕ್ಷಣ ಓಡಿತು.

ನನಗೆ ಅಚ್ಚರಿಯೆನಿಸಿದ್ದು, ಫೈನಲೈಸ್ ಆಗದ ಡಿಸ್ಕನ್ನು ಸಾಮಾನ್ಯವಾಗಿ ಅದನ್ನು ರೆಕಾರ್ಡ್ ಮಾಡಿದ ಯಂತ್ರದಲ್ಲಿಯೇ ಅಥವಾ ಅದೇ ಮಾದರಿಯದರಲ್ಲಿ ಮುಗಿಸಬೇಕಾಗುತ್ತದೆ ಎಂಬ ಸಂಗತಿ. ಆದ್ದರಿಂದ ಯಂತ್ರ ಕೆಡುವ ಮೊದಲೇ ಎಲ್ಲ ಡಿಸ್ಕ್‌ಗಳನ್ನೂ ಮುಗಿಸಿಕೊಳ್ಳಿ ಎಂದು ಕಳಕಳಿಯಿಂದ ಕೋರುತ್ತೇನೆ. ಡಿವಿಡಿ-ಆರ್ ಒಮ್ಮೆ ಫೈನಲೈಸ್ ಆದರೆ ಮತ್ತೇನನ್ನೂ ಸೇರಿಸಲಾಗದು; ಅಳಿಸಿ ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಡಿಸ್ಕ್‌ನಲ್ಲಾದರೆ ಅನೇಕ ರೆಕಾರ್ಡರ್‌ಗಳು ಫೈನಲೈಸ್ ಮಾಡಿದ್ದನ್ನು ರದ್ದುಗೊಳಿಸಲು ಅವಕಾಶ ಕೊಡುತ್ತವೆ. ಈ ಕೆಲಸದ ನಡುವೆ ವಿದ್ಯುತ್ ಹೋದರೆ ಡಿಸ್ಕ್ ಹಾಳಾಗುವ ಸಂಭವವಿರುವುದರಿಂದ, ನಮ್ಮ ಭಾಗದ ಬೇಸಿಗೆಯಲ್ಲಿ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿಕೊಳ್ಳುವುದು ಒಳಿತು. 4.7 ಜಿಬಿ ಡಿಸ್ಕಿನಲ್ಲಿ 2 ಗಂಟೆ ಹಿಡಿಯುವ ಎಸ್‌ಪಿ (ಸ್ಟ್ಯಾಂಡರ್ಡ್ ಪ್ಲೇ) ರೆಕಾರ್ಡಿಂಗ್ ಮೋಡ್‌ನ ಚಿತ್ರ, 6 ಗಂಟೆಯ ಮೋಡ್‌ನದಕ್ಕಿಂತ ಬಹಳ ಸ್ಪಷ್ಟವಾಗಿದೆ. ಉಳಿದ ಕ್ಯಾಸೆಟ್‌ಗಳನ್ನು ಎಸ್‌ಪಿ ಮೋಡ್‌ನಲ್ಲಿಯೇ ಇಳಿಸುತ್ತಿದ್ದೇನೆ.